ಮುಖದ ಚಿಕಿತ್ಸೆ: ಮೈಸೂರು, ಮಂಡ್ಯದವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೈಸೂರಿನಲ್ಲಿ ಚರ್ಮದ ಡಾಕ್ಟರು. ನನ್ನ ಹತ್ತಿರ ಬರುವವರಲ್ಲಿ ಅರ್ಧ ಜನ ಊರಿನವರು, ಇನ್ನರ್ಧ ಮಂಡ್ಯ, ಪಾಂಡವಪುರ, ಮಳವಳ್ಳಿ ಕಡೆಯವರು. ಪ್ರಶ್ನೆಗಳು ಮಾತ್ರ ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ. ಹೊರಗೆ ಕಾಯುತ್ತಿರುವವರ ಸಾಲು ನೋಡಿ ಅರ್ಧಂಬರ್ಧ ಉತ್ತರ ಕೊಟ್ಟು ಕಳಿಸಿದ್ದೂ ಉಂಟು. ಆ ಉತ್ತರಗಳನ್ನೇ ಇಲ್ಲಿ ಪೂರ್ತಿಯಾಗಿ ಬರೆದಿದ್ದೇನೆ. ಮುಖಕ್ಕೆ ಏನೇ ಮಾಡಿಸಿ, ಎರಡು ವಿಷಯ ನಿಮಗೆ ಗೊತ್ತಿರಲೇಬೇಕು: ಹಚ್ಚುತ್ತಿರುವುದು ಏನು, ಹಚ್ಚುತ್ತಿರುವವರು ಯಾರು. ಕೆಳಗಿನ ಹೆಚ್ಚಿನ ಉತ್ತರಗಳು ಸುತ್ತಿ ಬಳಸಿ ಅಲ್ಲಿಗೇ ಬರುತ್ತವೆ.

ಪಾರ್ಲರ್‌ನಲ್ಲೂ ಫೇಶಿಯಲ್ ಮಾಡ್ತಾರೆ, ಕ್ಲಿನಿಕ್‌ನಲ್ಲೂ ಮಾಡ್ತಾರೆ. ಎಲ್ಲಿಗೆ ಹೋಗಬೇಕು?

ಥ್ರೆಡ್ಡಿಂಗ್, ವ್ಯಾಕ್ಸಿಂಗ್, ಮಾಮೂಲಿ ಫೇಶಿಯಲ್, ಮೇಕಪ್ ಇವೆಲ್ಲಕ್ಕೆ ಪಾರ್ಲರ್‌ಗೇ ಹೋಗಿ. ಹುಬ್ಬು ತಿದ್ದಿಸಲು ನಾನೂ ನಮ್ಮ ಬೀದಿಯ ಪಾರ್ಲರ್‌ಗೇ ಹೋಗುತ್ತೇನೆ. ಅವರ ಕೈಚಳಕ ನನಗೆ ಬರುವುದಿಲ್ಲ. ಆದರೆ ಸೂಜಿ, ಆಸಿಡ್, ಲೇಸರ್, ಈ ಮೂರರಲ್ಲಿ ಯಾವುದು ಮುಖದ ಹತ್ತಿರ ಬಂದರೂ ಅದು ಡಾಕ್ಟರ ಕೆಲಸ. ಹೆಸರು ಎಷ್ಟೇ ಚೆನ್ನಾಗಿರಲಿ, 'ಗ್ಲೋ' ಅನ್ನಲಿ, 'ಬ್ರೈಡಲ್ ಪ್ಯಾಕೇಜ್' ಅನ್ನಲಿ, ಒಳಗೆ ಈ ಮೂರರಲ್ಲಿ ಏನಾದರೂ ಇದೆಯಾ ಎಂದು ಕೇಳಿ.

ಬೋರ್ಡಿನಲ್ಲಿ ಹೆಸರಿನ ಮುಂದೆ ಸಾಲುಗಟ್ಟಲೆ ಅಕ್ಷರ ಇರುತ್ತೆ. ಯಾವುದನ್ನು ನಂಬಬೇಕು?

ಮೊದಲು ಎಂ.ಬಿ.ಬಿ.ಎಸ್. ಇದೆಯಾ ನೋಡಿ. ಅದಕ್ಕೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಆಮೇಲೆ ಚರ್ಮದ ವಿಷಯದಲ್ಲೇ ಮೂರು ವರ್ಷ ಓದಿದವರಿಗೆ ಎಂ.ಡಿ. ಅಥವಾ ಡಿ.ಎನ್.ಬಿ. ಸಿಗುತ್ತದೆ. ಜೊತೆಗೆ ಡಿ.ವಿ.ಎಲ್. ಎಂದು ಬರೆದಿರುತ್ತದೆ. ಚರ್ಮ, ಗುಪ್ತರೋಗ, ಕುಷ್ಠ ಮೂರೂ ಸೇರಿದ ವಿಭಾಗ ಅದು. ಡಿ.ಡಿ.ವಿ.ಎಲ್. ಅಥವಾ ಡಿ.ವಿ.ಡಿ. ಎಂದಿದ್ದರೆ ಎರಡು ವರ್ಷದ ಡಿಪ್ಲೊಮಾ. ಅದೂ ಸರಿಯಾದ ಓದೇ. ಮೂಗು, ರೆಪ್ಪೆ, ಮುಖದ ಸರ್ಜರಿಗಾದರೆ ಎಂ.ಸಿಎಚ್. ಪ್ಲಾಸ್ಟಿಕ್ ಸರ್ಜರಿ ಮಾಡಿದವರನ್ನು ಹುಡುಕಿ. ಅವರು ಜನರಲ್ ಸರ್ಜರಿಯ ಎಂ.ಎಸ್. ಮುಗಿಸಿ, ಮತ್ತೆ ಮೂರು ವರ್ಷ ಓದಿರುತ್ತಾರೆ.

'ಕಾಸ್ಮೆಟಾಲಜಿಸ್ಟ್', 'ಏಸ್ಥೆಟಿಕ್ ಫಿಸಿಶಿಯನ್', 'ಸ್ಕಿನ್ ಎಕ್ಸ್‌ಪರ್ಟ್' ಎಂಬ ಪದಗಳಿಂದ ಏನೂ ಗೊತ್ತಾಗುವುದಿಲ್ಲ. ಕೆಲವು ವಾರದ ಕೋರ್ಸ್ ಮಾಡಿದವರೂ ಹಾಗೆ ಬರೆದುಕೊಳ್ಳುತ್ತಾರೆ, ನಿಜವಾದ ಚರ್ಮತಜ್ಞರೂ ಬರೆದುಕೊಳ್ಳುತ್ತಾರೆ. ಗೋಡೆಯ ಮೇಲೆ ಫ್ರೇಮು ಹಾಕಿದ ಸರ್ಟಿಫಿಕೇಟ್ ಎಷ್ಟಿವೆ ಎಂದು ಎಣಿಸಬೇಡಿ. 'ಡಾಕ್ಟ್ರೇ, ನೀವು ಚರ್ಮದ ಎಂ.ಡಿ.ನಾ?' ಎಂದು ನೇರವಾಗಿ ಕೇಳಿ. ಓದಿದವರಿಗೆ ಈ ಪ್ರಶ್ನೆಯಿಂದ ಬೇಜಾರಾಗುವುದಿಲ್ಲ. ನನಗಂತೂ ಖುಷಿಯಾಗುತ್ತದೆ.

ಡಿಗ್ರಿ ನಿಜವೋ ಸುಳ್ಳೋ ನಮಗೆ ಹೇಗೆ ಗೊತ್ತಾಗಬೇಕು?

ಡಾಕ್ಟರ ಚೀಟಿಯ ಮೇಲೆ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನ ನೋಂದಣಿ ಸಂಖ್ಯೆ ಇರಬೇಕು. ರಾಷ್ಟ್ರೀಯ ವೈದ್ಯಕೀಯ ಆಯೋಗದ ವೆಬ್‌ಸೈಟಿನಲ್ಲಿ ಡಾಕ್ಟರುಗಳ ಪಟ್ಟಿ ಇದೆ. ಹೆಸರು ಅಥವಾ ಸಂಖ್ಯೆ ಹಾಕಿ ಫೋನಿನಲ್ಲೇ ಹುಡುಕಬಹುದು.

ಇನ್ನು ಕ್ಲಿನಿಕ್ ವಿಷಯ. ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ. ಎಲ್ಲರೂ ಕೆ.ಪಿ.ಎಂ.ಇ. ಎನ್ನುತ್ತಾರೆ. ಇದರ ಪ್ರಕಾರ ಪ್ರತಿ ಖಾಸಗಿ ಕ್ಲಿನಿಕ್ಕೂ ಜಿಲ್ಲೆಯಲ್ಲಿ ನೋಂದಣಿ ಮಾಡಿಸಬೇಕು, ಆ ಪತ್ರವನ್ನು ಜನರಿಗೆ ಕಾಣುವಂತೆ ಹಾಕಬೇಕು, ಯಾವುದಕ್ಕೆ ಎಷ್ಟು ದುಡ್ಡು ಎಂಬುದನ್ನೂ ಹಾಕಬೇಕು. ಒಳಗೆ ಹೋದ ತಕ್ಷಣ ರಿಸೆಪ್ಷನ್ ಹಿಂದಿನ ಗೋಡೆ ನೋಡಿ. ಅಲ್ಲಿ ನಟಿಯರ ಫೋಟೋ ಮಾತ್ರ ಇದ್ದು, ಆ ಪತ್ರ ಇಲ್ಲದಿದ್ದರೆ ಎಲ್ಲಿದೆ ಎಂದು ಕೇಳಿ.

ಡಾಕ್ಟರ್ ಹೆಸರು ಬೋರ್ಡಿನಲ್ಲಿದೆ, ಆದರೆ ಕೆಲಸ ಮಾಡೋದು ಬೇರೆ ಹುಡುಗಿ. ಇದು ಸರೀನಾ?

ಕೆಲವು ಕೆಲಸಕ್ಕೆ ಸರಿ. ಮುಖ ತೊಳೆಯುವುದು, ಮರಗಟ್ಟುವ ಕ್ರೀಮ್ ಹಚ್ಚುವುದು, ಐಸ್ ಇಡುವುದು ಇವಕ್ಕೆಲ್ಲ ತರಬೇತಿ ಪಡೆದ ಸಹಾಯಕಿ ಸಾಕು. ಬೊಟಾಕ್ಸ್, ಫಿಲ್ಲರ್‌ನಂಥ ಸೂಜಿಯ ಕೆಲಸವನ್ನು ಡಾಕ್ಟರೇ ಮಾಡಬೇಕು. ಲೇಸರ್‌ನಲ್ಲಿ ಎಷ್ಟು ಶಕ್ತಿ ಇಡಬೇಕು ಎಂಬುದನ್ನು ನಿಮ್ಮ ಚರ್ಮ ನೋಡಿ ಡಾಕ್ಟರೇ ತೀರ್ಮಾನಿಸಬೇಕು, ಆ ಹೊತ್ತಿನಲ್ಲಿ ಅದೇ ಕಟ್ಟಡದಲ್ಲಿ ಇರಬೇಕು. ವಾರಕ್ಕೊಮ್ಮೆ ಬೆಂಗಳೂರಿನಿಂದ ಬಂದು ಹೋಗುವ ಡಾಕ್ಟರಾದರೆ, ಉಳಿದ ಆರು ದಿನ ಮುಖ ಊದಿಕೊಂಡರೆ ಯಾರು ನೋಡುತ್ತಾರೆ? ದುಡ್ಡು ಕಟ್ಟುವ ಮೊದಲೇ ಇದನ್ನು ಕೇಳಿ.

ಪಾರ್ಲರ್‌ನಲ್ಲಿ ಒಂದು ಕ್ರೀಮ್ ಕೊಟ್ಟರು. ಹದಿನೈದು ದಿನದಲ್ಲಿ ಮುಖ ಬೆಳ್ಳಗಾಯ್ತು. ಮುಂದುವರಿಸಬಹುದಾ?

ಈ ಪ್ರಶ್ನೆಗೆ ದೊಡ್ಡ ಉತ್ತರ ಬರೆಯಬೇಕು. ನನ್ನ ಹತ್ತಿರ ಬರುವ ಹೆಣ್ಣುಮಕ್ಕಳ ಕಣ್ಣೀರಿಗೆ ಹೆಚ್ಚಾಗಿ ಇದೇ ಕಾರಣ.

ಆ ಕ್ರೀಮ್ ಹೇಗಿರುತ್ತದೆ ಎಂದು ಹೇಳುತ್ತೇನೆ. ಕುಂಕುಮದ ಭರಣಿಯಷ್ಟು ಸಣ್ಣ ಬಿಳಿ ಪ್ಲಾಸ್ಟಿಕ್ ಡಬ್ಬಿ. ಕಂಪನಿ ಹೆಸರಿಲ್ಲ, ತಾರೀಖಿಲ್ಲ. ಮುಚ್ಚಳದ ಮೇಲೆ ನೀಲಿ ಪೆನ್ನಿನಲ್ಲಿ 'ನೈಟ್' ಎಂದು ಬರೆದಿರುತ್ತದೆ. ಇಂಥದ್ದೇ ಡಬ್ಬಿ ನಮ್ಮ ಚಿಕ್ಕಮ್ಮನ ಮಗಳ ಬ್ಯಾಗಿನಲ್ಲಿ ಸಿಕ್ಕಿತು. ಮದುವೆ ಗೊತ್ತಾದ ದಿನದಿಂದ ಒಂದು ವರ್ಷ ಹಚ್ಚಿದ್ದಳು. ಅಕ್ಕ ಚರ್ಮದ ಡಾಕ್ಟರು, ಆದರೂ ಹೇಳಿರಲಿಲ್ಲ. ಬೈಯುತ್ತಾಳೆ ಎಂಬ ಭಯ. ನಾನು ನೋಡುವ ಹೊತ್ತಿಗೆ ಕೆನ್ನೆಯ ಮೇಲೆ ಕೆಂಪು ನರಗಳು ದಾರದ ಎಳೆಗಳಂತೆ ಕಾಣುತ್ತಿದ್ದವು. ಗಲ್ಲದಲ್ಲಿ ಕೂದಲು ಬಂದಿತ್ತು. ಒಲೆ ಮುಂದೆ ನಿಂತರೆ ಉರಿ, ಬಿಸಿಲಿಗೆ ಹೋದರೆ ಉರಿ. ಕ್ರೀಮ್ ಬಿಟ್ಟರೆ ಎರಡೇ ದಿನಕ್ಕೆ ಮುಖದ ತುಂಬಾ ಗುಳ್ಳೆ, ಅದಕ್ಕೆ ಹೆದರಿ ಮತ್ತೆ ಹಚ್ಚುವುದು. ಸರಿಹೋಗಲು ಒಂದೂವರೆ ವರ್ಷ ಹಿಡಿಯಿತು.

ಅದರಲ್ಲಿ ಇರುವುದು ಸ್ಟೀರಾಯ್ಡ್. ಚರ್ಮದ ರಕ್ತನಾಳಗಳನ್ನು ಕುಗ್ಗಿಸಿ, ಬಣ್ಣ ತಯಾರಾಗುವುದನ್ನು ತಡೆದು ಮೊದಮೊದಲು ಮುಖ ಬೆಳ್ಳಗೆ ಮಾಡುತ್ತದೆ. ಆಮೇಲೆ ಚರ್ಮವನ್ನು ತೆಳ್ಳಗೆ ಮಾಡುತ್ತಾ ಹೋಗುತ್ತದೆ. ನಿಮ್ಮ ಟ್ಯೂಬಿನ ಮೇಲೆ ಬೀಟಾಮೆಥಸೋನ್, ಮೊಮೆಟಸೋನ್, ಕ್ಲೋಬೆಟಸಾಲ್, ಫ್ಲುಓಸಿನೊಲೋನ್ ಎಂಬ ಯಾವುದಾದರೂ ಹೆಸರಿದೆಯಾ ನೋಡಿ. ಇದ್ದರೆ ಅದು ಔಷಧಿ, ಬ್ಯೂಟಿ ಕ್ರೀಮ್ ಅಲ್ಲ. ಕೆನ್ನೆಯ ಮೇಲಿನ ಕಂದು ಕಲೆಗೆ, ಅಂದರೆ ಬಂಗಿಗೆ, ನಾವೂ ಇಂಥ ಔಷಧಿ ಬರೆಯುವುದುಂಟು, ಆದರೆ ಕೆಲವೇ ವಾರಕ್ಕೆ, ಕಣ್ಣಳತೆಯಲ್ಲಿ ಇಟ್ಟುಕೊಂಡು. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್‌ಗಳ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಎಂದು ನಿಯಮ ಮಾಡಿತು. ಆದರೂ ಒಬ್ಬರಿಗೆ ಬರೆದ ಟ್ಯೂಬು ಓರಗಿತ್ತಿಗೆ, ಅಲ್ಲಿಂದ ಪಕ್ಕದ ಮನೆಯವರಿಗೆ ಹೋಗುತ್ತಲೇ ಇದೆ.

ಹೆಸರೇ ಇಲ್ಲದ ಡಬ್ಬಿಯಲ್ಲಿ ಪಾದರಸವೂ ಇರಬಹುದು. 2023ರಲ್ಲಿ ಕೇರಳದ ಮಲಪ್ಪುರಂನಲ್ಲಿ ಬಿಳುಪಿನ ಕ್ರೀಮ್ ಹಚ್ಚಿದವರಿಗೆ ಕಿಡ್ನಿ ತೊಂದರೆ ಬಂದದ್ದನ್ನು ಅಲ್ಲಿನ ಡಾಕ್ಟರುಗಳು ಪತ್ತೆ ಮಾಡಿದರು. ಮುಖಕ್ಕೆ ಹಚ್ಚಿದ್ದು ಕಿಡ್ನಿವರೆಗೆ ಹೋಗುತ್ತದೆ ಎಂದರೆ ನಂಬುವುದು ಕಷ್ಟ, ಅಲ್ವಾ? ಚರ್ಮ ಹೀರಿಕೊಳ್ಳುತ್ತದೆ.

ಈಗಾಗಲೇ ತಿಂಗಳುಗಟ್ಟಲೆ ಹಚ್ಚಿದ್ದರೆ ಗಾಬರಿಯಾಗಿ ಬಿಸಾಡಬೇಡಿ. ಡಬ್ಬಿ ಸಮೇತ ಚರ್ಮದ ಡಾಕ್ಟರ ಹತ್ತಿರ ಬನ್ನಿ. ಹೇಗೆ ಬಿಡಬೇಕು ಎಂಬುದಕ್ಕೂ ಕ್ರಮ ಇದೆ. ಯಾರೂ ಬೈಯುವುದಿಲ್ಲ.

ಕೆನ್ನೆ ಮೇಲೆ ಬಂಗು ಇದೆ. ಲೇಸರ್ ಮಾಡಿದರೆ ಒಂದೇ ಸಲಕ್ಕೆ ಹೋಗುತ್ತಾ?

ಇಲ್ಲ. ಹಾಗೆ ಹೋಗುತ್ತದೆ ಎಂದು ಹೇಳುವವರಿಂದ ದೂರ ಇರಿ. ಬಂಗು ಕಮ್ಮಿಯಾಗುತ್ತದೆ, ಬಿಸಿಲು ತಾಗಿದರೆ ಮತ್ತೆ ಬರುತ್ತದೆ. ಲೇಸರ್ ಜೋರಾದರೆ ಇದ್ದದ್ದಕ್ಕಿಂತ ಕಪ್ಪಾಗುವುದೂ ಉಂಟು.

ಮಂಡ್ಯ ಕಡೆಯ ಒಬ್ಬರು ಅಮ್ಮ ಬರುತ್ತಿದ್ದರು. ಔಷಧಿ, ಸನ್‌ಸ್ಕ್ರೀನ್ ಎಲ್ಲಾ ಸರಿಯಾಗಿ ಹಚ್ಚುತ್ತಿದ್ದರು, ಬಂಗು ಮಾತ್ರ ಜಗ್ಗುತ್ತಿರಲಿಲ್ಲ. ಬಿಸಿಲಿಗೆ ಹೋಗುವುದೇ ಇಲ್ಲ ಎಂದರು. ಏನು ಕೆಲಸ ಮಾಡ್ತೀರಿ ಎಂದು ಮೂರನೇ ಸಲಕ್ಕೆ ಕೇಳಿದೆ. ಆಲೆಮನೆ. ದಿನವಿಡೀ ಕೊಪ್ಪರಿಗೆಯ ಕೆಳಗಿನ ಒಲೆಗೆ ಕಬ್ಬಿನ ಸಿಪ್ಪೆ ತಳ್ಳುವ ಕೆಲಸ. ಬಿಸಿಲಿನಂತೆ ಬೆಂಕಿಯ ಝಳವೂ ಬಂಗನ್ನು ಹೆಚ್ಚಿಸುತ್ತದೆ. ಮೊದಲ ದಿನವೇ ನಾನು ಕೇಳಬೇಕಿತ್ತು. ಒಲೆಯ ಕೆಲಸ ಬಿಟ್ಟು ಅಚ್ಚು ತುಂಬುವ ಕಡೆಗೆ ಹೋದ ಮೇಲೆ ಅದೇ ಔಷಧಿ ಕೆಲಸ ಮಾಡಿತು. ಆದ್ದರಿಂದ ನಿಮ್ಮ ಕೆಲಸ ಏನು ಎಂದು ಕೇಳದೆ ಪ್ಯಾಕೇಜ್ ಹೇಳುವವರನ್ನು ನಾನು ನಂಬುವುದಿಲ್ಲ.

ಸನ್‌ಸ್ಕ್ರೀನ್ ಎಸ್.ಪಿ.ಎಫ್. 30 ಅಥವಾ ಜಾಸ್ತಿ ಇರಲಿ. ಎರಡು ಬೆರಳಿನ ಉದ್ದಕ್ಕೆ ಹಿಂಡಿ ಮುಖ, ಕತ್ತಿಗೆ ಹಚ್ಚಿ. ಹೊರಗಿದ್ದರೆ ಎರಡು ಮೂರು ಗಂಟೆಗೊಮ್ಮೆ ಮತ್ತೆ. ಬಂಗಿಗೆ ಬಣ್ಣ ಬೆರೆಸಿದ, ಐರನ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಒಳ್ಳೆಯದು. ಬಂಗಿಗೆ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಕೊಟ್ಟರೆ, ಮನೆಯಲ್ಲಿ ಯಾರಿಗಾದರೂ ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟಿದ್ದರೆ, ನೀವು ಗರ್ಭನಿರೋಧಕ ಮಾತ್ರೆ ತಗೊಳ್ಳುತ್ತಿದ್ದರೆ ತಪ್ಪದೆ ಹೇಳಿ.

ಕೆಮಿಕಲ್ ಪೀಲ್ ಅಂದರೆ ಚರ್ಮ ಸುಲಿಯುವುದಾ?

ಹೆಸರು ಕೇಳಿದರೆ ಹಾಗನ್ನಿಸುತ್ತದೆ. ಮೇಲಿನ ತೆಳು ಪದರ ಉದುರುವಂತೆ ಹದವಾದ ಆಸಿಡ್ ಹಚ್ಚುವುದು, ಅಷ್ಟೆ. ಮೊಡವೆಗೆ ಸ್ಯಾಲಿಸಿಲಿಕ್, ಕಲೆಗೆ ಗ್ಲೈಕಾಲಿಕ್ ಜಾಸ್ತಿ ಬಳಸುತ್ತಾರೆ. ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಸಾಮಾನ್ಯವಾಗಿ ನಾಲ್ಕರಿಂದ ಆರು ಸಲ. ಗ್ಲೈಕಾಲಿಕ್ ಹಚ್ಚಿದ ಮೇಲೆ ಗಡಿಯಾರ ನೋಡುತ್ತಾ ಪಕ್ಕದಲ್ಲೇ ನಿಂತಿರಬೇಕು. ಕೆಲವೇ ನಿಮಿಷ, ಆಮೇಲೆ ಅಡುಗೆ ಸೋಡಾ ಕರಗಿಸಿದ ನೀರಿನಿಂದ ಅದರ ಶಕ್ತಿ ಇಳಿಸಬೇಕು. ಹಚ್ಚಿದವರು ಫೋನ್ ಬಂತೆಂದು ಹೊರಗೆ ಹೋದರೆ ಸುಟ್ಟ ಗಾಯ. ನಮ್ಮ ಗೋಧಿ, ಎಣ್ಣೆಗೆಂಪು ಮೈಬಣ್ಣದಲ್ಲಿ ಸುಟ್ಟ ಜಾಗ ತಿಂಗಳುಗಟ್ಟಲೆ ಕಪ್ಪಾಗಿ ಉಳಿಯುತ್ತದೆ.

ಗರ್ಭಿಣಿಯಾಗಿದ್ದರೆ, ಬಾಣಂತಿಯಾಗಿದ್ದರೆ, ತುಟಿ ಸುತ್ತ ನೀರುಗುಳ್ಳೆ ಬರುತ್ತಿದ್ದರೆ, ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಬೇಕು. ಆ ಮಾತ್ರೆ ನುಂಗುವಾಗ ಮತ್ತು ಬಿಟ್ಟು ಒಂದು ತಿಂಗಳವರೆಗೆ ಗರ್ಭ ನಿಲ್ಲಲೇಬಾರದು, ಮಗುವಿಗೆ ಅಂಗದೋಷ ಬರಬಹುದು.

ಮದುವೆಗೆ ಒಂದೇ ತಿಂಗಳಿದೆ ಮೇಡಂ. ಏನಾದರೂ ಮಾಡಿ.

ಒಂದು ತಿಂಗಳಲ್ಲಿ ಮೊಡವೆ ತಣಿಸಬಹುದು, ಒಣ ಚರ್ಮ ಸರಿಮಾಡಬಹುದು. ಹೊಸ ಪೀಲ್, ಹೊಸ ಲೇಸರ್ ಶುರು ಮಾಡುವ ಹೊತ್ತಲ್ಲ. ಮದುವೆಗೆ ಎರಡು ವಾರ ಇರುವಾಗಿನಿಂದ ಮುಖಕ್ಕೆ ಹೊಸದೇನನ್ನೂ ಹಚ್ಚಬೇಡಿ, ಗೆಳತಿ ಕೊಟ್ಟ ಫೇಸ್‌ಪ್ಯಾಕೂ ಬೇಡ. ನಿಶ್ಚಿತಾರ್ಥ ಆದ ವಾರವೇ ಬಂದರೆ ನಾಲ್ಕೈದು ತಿಂಗಳು ಸಿಗುತ್ತದೆ. ಪೀಲ್‌ಗೆ ನನಗೆ ಆಷಾಢ ಇಷ್ಟ. ಮೋಡ ಮುಸುಕಿರುತ್ತದೆ, ಮದುವೆ ಮುಂಜಿಗಳ ಓಡಾಟವೂ ಇರುವುದಿಲ್ಲ. ಅರಿಶಿನ ಶಾಸ್ತ್ರದ ಹಿಂದಿನ ವಾರ ಪೀಲ್ ಮಾಡಿಸಿಕೊಂಡರೆ ಎಳೆ ಚರ್ಮದ ಮೇಲೆ ಅರಿಶಿನ ತಿಕ್ಕಿದಾಗ ಉರಿಯುತ್ತದೆ, ಅದನ್ನೂ ಲೆಕ್ಕ ಹಾಕಿ.

ಗಲ್ಲದ ಮೇಲಿನ ಕೂದಲಿಗೆ ಲೇಸರ್ ಮಾಡಿಸಿದರೆ ಶಾಶ್ವತವಾಗಿ ಹೋಗುತ್ತಾ?

ತುಂಬಾ ಕಮ್ಮಿಯಾಗುತ್ತದೆ, ಉಳಿದದ್ದು ತೆಳ್ಳಗಾಗುತ್ತದೆ. ಪೂರ್ತಿ ಹೋಗುತ್ತದೆ ಎಂದು ಬರೆದುಕೊಡಲು ಯಾರಿಂದಲೂ ಆಗದು. ಮುಖಕ್ಕೆ ನಾಲ್ಕರಿಂದ ಆರು ವಾರಕ್ಕೊಮ್ಮೆ, ಆರರಿಂದ ಎಂಟು ಸಲ ಬೇಕು. ಕೂದಲಿನ ಕಪ್ಪು ಬಣ್ಣವನ್ನು ಹುಡುಕಿ ಸುಡುವ ಬೆಳಕು ಅದು, ಹಾಗಾಗಿ ಬಿಳಿ ಕೂದಲಿಗೆ ಕೆಲಸ ಮಾಡದು. ಚರ್ಮವೂ ಕಪ್ಪಗಿದ್ದರೆ ಅದಕ್ಕೂ ತಾಗುತ್ತದೆ. ಅದಕ್ಕೇ ಕಪ್ಪು ಮೈಬಣ್ಣದವರಿಗೆ 1064 ನ್ಯಾನೊಮೀಟರಿನ ಎನ್‌ಡಿ ಯಾಗ್ ಲೇಸರ್ ಹೆಚ್ಚು ಸುರಕ್ಷಿತ. ಯಾವ ಮಷೀನು ಎಂದು ಕೇಳಲು ನಾಚಬೇಡಿ. ಮುಟ್ಟು ಏರುಪೇರಾಗಿದ್ದು ಗಲ್ಲದಲ್ಲಿ ಕೂದಲು ಬರುತ್ತಿದ್ದರೆ ಮೊದಲು ಪಿ.ಸಿ.ಒ.ಡಿ., ಅಂದರೆ ಅಂಡಾಶಯದ ಹಾರ್ಮೋನ್ ತೊಂದರೆ, ಇದೆಯಾ ನೋಡಿಸಿ. ಇಲ್ಲದಿದ್ದರೆ ಈ ಕಡೆ ತೆಗೆದಂತೆ ಆ ಕಡೆ ಬರುತ್ತಿರುತ್ತದೆ. ಲೇಸರ್‌ಗೆ ಮೊದಲು ಶೇವ್ ಮಾಡಬಹುದು, ನಾಲ್ಕು ವಾರದಿಂದ ಥ್ರೆಡ್ಡಿಂಗ್, ವ್ಯಾಕ್ಸಿಂಗ್ ಬೇಡ. ಬೇರು ಇದ್ದರೆ ತಾನೇ ಲೇಸರ್ ಹಿಡಿಯುವುದು.

ಬೊಟಾಕ್ಸ್, ಫಿಲ್ಲರ್ ಎರಡೂ ಒಂದೇನಾ?

ಬೇರೆ ಬೇರೆ. ಬೊಟಾಕ್ಸ್ ಸ್ನಾಯುವನ್ನು ಸಡಿಲ ಮಾಡಿ ಹಣೆ, ಹುಬ್ಬಿನ ನಡುವಿನ ಗೆರೆ ಇಳಿಸುತ್ತದೆ. ಪೂರ್ತಿ ಫಲ ಕಾಣಲು ಎರಡು ವಾರ, ಇರುವುದು ಮೂರು ನಾಲ್ಕು ತಿಂಗಳು. ತಪ್ಪು ಜಾಗಕ್ಕೆ ಹರಿದರೆ ರೆಪ್ಪೆ ಜೋತುಬೀಳುತ್ತದೆ, ಕೆಲವು ವಾರದಲ್ಲಿ ಸರಿಯಾಗುತ್ತದೆ.

ಫಿಲ್ಲರ್ ಎಂದರೆ ತುಟಿ, ಕೆನ್ನೆಯ ಗುಳಿ ತುಂಬುವ ಜೆಲ್. ನಾನು ಹೆಚ್ಚು ಹೆದರುವುದು ಇದಕ್ಕೇ. ಸೂಜಿ ರಕ್ತನಾಳದೊಳಗೆ ಹೋದರೆ ಆ ಭಾಗಕ್ಕೆ ರಕ್ತ ನಿಲ್ಲುತ್ತದೆ. ಚರ್ಮ ಸುಣ್ಣದಂತೆ ಬಿಳುಚಿಕೊಳ್ಳುತ್ತದೆ, ತಡೆಯಲಾರದ ನೋವು, ಆಮೇಲೆ ಬಲೆಯಂತೆ ನೇರಳೆ ಗೆರೆ. ಅಪರೂಪಕ್ಕೆ ಕಣ್ಣೇ ಹೋಗುತ್ತದೆ. ಹೈಲುರಾನಿಕ್ ಆಸಿಡ್ ಫಿಲ್ಲರನ್ನು ಕರಗಿಸುವ ಔಷಧಿ ಇದೆ, ಹೈಲುರೋನಿಡೇಸ್. 'ಅದು ಈಗ ನಿಮ್ಮ ಫ್ರಿಜ್ಜಿನಲ್ಲಿದೆಯಾ?' ಎಂದು ಕೇಳಿ. ತಡಬಡಾಯಿಸಿದರೆ ಎದ್ದು ಬನ್ನಿ. ಫಿಲ್ಲರ್ ಆಗಲಿ ಬೊಟಾಕ್ಸ್ ಆಗಲಿ, ಪ್ಯಾಕನ್ನು ನಿಮ್ಮ ಎದುರೇ ಒಡೆಯಬೇಕು, ಅದರ ಹೆಸರು, ಬ್ಯಾಚ್ ನಂಬರು ನಿಮ್ಮ ಚೀಟಿಗೆ ಬರಬೇಕು.

ಗ್ಲುಟಾಥಯೋನ್ ಡ್ರಿಪ್ ಹಾಕಿಸಿದರೆ ಬೆಳ್ಳಗಾಗ್ತಾರಂತೆ?

ಬಿಳುಪಿಗಾಗಿ ಈ ಇಂಜೆಕ್ಷನ್‌ಗೆ ನಮ್ಮ ದೇಶದಲ್ಲಿ ಅನುಮತಿ ಇಲ್ಲ. ಅಮೆರಿಕದಲ್ಲೂ ಇಲ್ಲ. ನಾನು ಹಾಕುವುದಿಲ್ಲ. ಇಪ್ಪತ್ತರ ಹುಡುಗಿಯೊಬ್ಬಳು 'ಅತ್ತೆ ಮನೆಯವರು ಕಪ್ಪು ಅಂದರು' ಎಂದು ಅಳುತ್ತಾ ಡ್ರಿಪ್ ಕೇಳಿದಾಗ ನನಗೆ ಹೊಟ್ಟೆ ಉರಿಯುತ್ತದೆ. ಅವಳ ಚರ್ಮಕ್ಕೆ ಯಾವ ರೋಗವೂ ಇರುವುದಿಲ್ಲ. ಹುಟ್ಟು ಬಣ್ಣಕ್ಕೆ ಔಷಧಿ ಬೇಕಿಲ್ಲ ಎಂದು ಅವಳಿಗೂ ಹೇಳುತ್ತೇನೆ, ಜೊತೆಗೆ ಬಂದ ಅತ್ತೆಗೂ ಹೇಳುತ್ತೇನೆ.

ನಮ್ಮದೇ ರಕ್ತ ತೆಗೆದು ಮುಖಕ್ಕೆ ಹಾಕ್ತಾರಲ್ಲ, ಅದರಲ್ಲೇನು ಅಪಾಯ?

ರಕ್ತ ನಿಮ್ಮದೇ, ಸೂಜಿ ಯಾರದ್ದು? ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಲೈಸೆನ್ಸ್ ಇಲ್ಲದ ಸ್ಪಾದಲ್ಲಿ ಹೀಗೆ ಮಾಡಿಸಿಕೊಂಡ ಹೆಂಗಸರಿಗೆ ಎಚ್.ಐ.ವಿ. ತಗುಲಿದ್ದನ್ನು ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ 2024ರಲ್ಲಿ ವರದಿ ಮಾಡಿತು. ಸೂಜಿಯ ತುದಿ, ಟ್ಯೂಬು ಎಲ್ಲವೂ ಹೊಸದಾಗಿರಬೇಕು, ನಿಮ್ಮ ಮುಂದೆಯೇ ತೆರೆಯಬೇಕು.

ಮಚ್ಚೆ, ನರುಳ್ಳಿಗೆ ಸುಣ್ಣ ಸೋಡಾ ಹಚ್ಚಿ ಸುಡ್ತಾರೆ. ನಾವೂ ಮಾಡಬಹುದಾ?

ದಯವಿಟ್ಟು ಬೇಡ. ನರುಳ್ಳಿಗಿಂತ ದೊಡ್ಡ ಗುಳಿ ಉಳಿಯುತ್ತದೆ. ಮಚ್ಚೆ ಬೆಳೆಯುತ್ತಿದ್ದರೆ, ಬಣ್ಣ ಬದಲಾಗಿದ್ದರೆ, ರಕ್ತ ಬಂದರೆ ಅದನ್ನು ಪರೀಕ್ಷೆಗೆ ಕಳಿಸಬೇಕು. ಸುಟ್ಟ ಮೇಲೆ ಏನನ್ನು ಕಳಿಸುವುದು? ನಿಂಬೆರಸ ಹಚ್ಚಿ ಬಿಸಿಲಿಗೆ ಹೋಗುವುದೂ ಅಷ್ಟೇ, ಹಚ್ಚಿದ ಜಾಗ ಕಪ್ಪಾಗುತ್ತದೆ.

ಗಂಡಸರು ಬರ್ತಾರಾ?

ಬರುತ್ತಾರೆ. ಮೊಡವೆ ಗುಳಿ, ಗಡ್ಡದ ಗುಳ್ಳೆ, ಬಂಗು ಎಲ್ಲಾ ಅವರಿಗೂ ಇದೆ.

ದುಡ್ಡು ಎಷ್ಟಾಗುತ್ತೆ? ನಮ್ಮಂಥವರಿಗೆ ಆಗುತ್ತಾ?

ಮೊಡವೆ, ಬಂಗು, ಅಲರ್ಜಿ ಆದರೆ ದೊಡ್ಡ ಕ್ಲಿನಿಕ್‌ಗೇ ಹೋಗಬೇಕೆಂದಿಲ್ಲ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ, ಮಂಡ್ಯದ ಮಿಮ್ಸ್‌ನಲ್ಲಿ ಚರ್ಮರೋಗ ವಿಭಾಗ ಇದೆ. ಮೈಸೂರಿನ ಜೆ.ಎಸ್.ಎಸ್., ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಲ್ಲೂ ಇದೆ. ಕ್ಯೂ ನಿಲ್ಲಬೇಕು, ನಿಜ. ನೋಡುವವರು ಚರ್ಮತಜ್ಞರೇ.

ಚೆಂದಕ್ಕಾಗಿ ಮಾಡಿಸುವ ಚಿಕಿತ್ಸೆಗೆ ಸಾಮಾನ್ಯವಾಗಿ ವಿಮೆಯ ದುಡ್ಡು ಸಿಗುವುದಿಲ್ಲ, ಮೇಲೆ ಜಿ.ಎಸ್.ಟಿ. ಬೇರೆ ಬೀಳಬಹುದು. ಹೇಳಿದ ರೇಟಿನಲ್ಲಿ ಅದು ಸೇರಿದೆಯಾ ಕೇಳಿ. ಹತ್ತು ಸಲದ ಪ್ಯಾಕೇಜಿಗೆ 'ಇವತ್ತೇ ಕಟ್ಟಿದರೆ ಅರ್ಧ ರೇಟು' ಎಂದರೆ ಕಟ್ಟಬೇಡಿ. ಒಂದು ಸಲ ಮಾಡಿಸಿ, ಚರ್ಮ ಹೇಗೆ ತಡೆದುಕೊಂಡಿತು ನೋಡಿ, ಆಮೇಲೆ ಮುಂದಿನ ಮಾತು.

ಏನಾದರೂ ಹೆಚ್ಚುಕಡಿಮೆ ಆದರೆ ಯಾರನ್ನು ಕೇಳಬೇಕು?

ಮೊದಲು ಮಾಡಿದವರ ಹತ್ತಿರವೇ ಹೋಗಿ, ಅದೇ ದಿನ. ಮುಖದ ಫೋಟೋ ತೆಗೆದಿಟ್ಟುಕೊಳ್ಳಿ. ಬಿಲ್ಲು, ಚೀಟಿ ಎಸೆಯಬೇಡಿ. ನಿಮ್ಮ ಚಿಕಿತ್ಸೆಯ ದಾಖಲೆ ಕೇಳುವ ಹಕ್ಕು ನಿಮಗಿದೆ. ಕೇಳಿದ 72 ಗಂಟೆಯೊಳಗೆ ಡಾಕ್ಟರು ಕೊಡಬೇಕು. ಅವರು ಸರಿಯಾಗಿ ನೋಡದಿದ್ದರೆ ಬೇರೆ ಚರ್ಮತಜ್ಞರಿಗೆ ತೋರಿಸಿ. ಮುಖ ಉಳಿಸಿಕೊಳ್ಳುವುದು ಮೊದಲು, ದೂರು ಆಮೇಲೆ.

ಡಾಕ್ಟರ ನಡತೆಯ ಬಗ್ಗೆ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ಗೆ, ನೋಂದಣಿ ಇಲ್ಲದ ಕ್ಲಿನಿಕ್ ಬಗ್ಗೆ ಜಿಲ್ಲಾ ಆರೋಗ್ಯಾಧಿಕಾರಿಗೆ ಬರೆಯಬಹುದು. ಪರಿಹಾರ ಬೇಕಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಡಾಕ್ಟರ ಸೇವೆಯೂ ಗ್ರಾಹಕ ಕಾನೂನಿನಡಿ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ತೊಂದರೆಯಾದ ಎರಡು ವರ್ಷದೊಳಗೆ ಹಾಕಬೇಕು.

ಸಹಿ ಹಾಕುವ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಕೊಡಿ ಎಂದು ಕೇಳಿ. ಓದಿ, ಅರ್ಥವಾದ ಮೇಲೆ ಸಹಿ ಹಾಕಿ. ಒಂದು ಪ್ರತಿ ಫೋನಿನಲ್ಲಿ ಫೋಟೋ ಹಿಡಿದುಕೊಳ್ಳಿ.

ಮೊದಲ ಸಲ ಬರುವಾಗ ಏನು ತರಬೇಕು?

ಈವರೆಗೆ ಹಚ್ಚಿದ ಎಲ್ಲಾ ಟ್ಯೂಬು, ಡಬ್ಬಿ, ಖಾಲಿಯಾಗಿದ್ದರೂ ಸರಿ, ಒಂದು ಕವರಿಗೆ ಹಾಕಿ ತನ್ನಿ. ಬೇರೆ ರೋಗಕ್ಕೆ ನುಂಗುವ ಮಾತ್ರೆಯ ಚೀಟಿಯೂ ಇರಲಿ. ಎರಡು ವರ್ಷದ ಹಿಂದಿನ ಒಂದು ಫೋಟೋ ಇದ್ದರೆ ತುಂಬಾ ಉಪಕಾರ, ಕಲೆ ಯಾವಾಗ ಶುರುವಾಯಿತು ಎಂದು ಅದರಲ್ಲಿ ಕಾಣುತ್ತದೆ. ಮೇಕಪ್, ಪೌಡರ್ ಹಾಕದೆ ಬನ್ನಿ. ಬೆಳಗಿನ ರೈಲಿಗೆ ಮಂಡ್ಯದಿಂದ ಹೊರಡುವವರು ತಿಂಡಿ ತಿಂದೇ ಹೊರಡಿ. ಖಾಲಿ ಹೊಟ್ಟೆಯಲ್ಲಿ ಸೂಜಿ ಕಂಡು ತಲೆ ಸುತ್ತಿ ಬಿದ್ದವರನ್ನು ಎಷ್ಟೋ ಸಲ ಹಿಡಿದು ಕೂರಿಸಿದ್ದೇವೆ.